ತೊಟ್ಟಿಲ ಷೇರು

ನಮ್ಮ ಊರಿನಲ್ಲಿ ಒಬ್ಬ ಆಳು ಚಳಿಗಾಲ ದಾಟಬೇಕಾದರೆ ಕಡಿಮೆಯೆಂದರೂ ಒಂಬತ್ತು ಷೇರು ಬೇಕು. ಬೆಳಗಿನ ಜಾವಕ್ಕೆ ಮೂಡಣ ದೇಶದ್ದು ಮೂರು, ಒಂದಕ್ಕೆ ನಾನೂರರಂತೆ ಸಾವಿರದ ಇನ್ನೂರು ರೂಪಾಯಿ. ಹಗಲಿಗೆ ನಮ್ಮ ದೇಶದ್ದು ನಾಲ್ಕು, ಇನ್ನೂರೈವತ್ತರಂತೆ ಒಂದು ಸಾವಿರ. ರಾತ್ರಿಗೆ ಪಡುವಣ ದೇಶದ್ದು ಎರಡು. ಅದು ತುಟ್ಟಿ, ಒಂದಕ್ಕೇ ಒಂಬೈನೂರು. ಒಟ್ಟು ನಾಲ್ಕು ಸಾವಿರ, ದಲಾಲಿ ಬೇರೆ. ಮುದುಕರಿಗೆ ಇನ್ನೆರಡು ಹೆಚ್ಚಿಗೆ ಬೇಕು. ಬಾಣಂತಿಗೆ ಒಂದೂವರೆ ಪಟ್ಟು. ಎಳೆ ಕೂಸಿಗೆ ನಾಲ್ಕು ಸಾಕು. ಕೌದಿ ಎಂಬತ್ತು ರೂಪಾಯಿಗೆ ಸಿಗುತ್ತದೆ, ಆದರೆ ಅದು ಮೈಯಲ್ಲಿದ್ದ ಶಾಖವನ್ನು ಹಿಡಿದಿಡಬಲ್ಲದು, ಹೊಸದಾಗಿ ತರಲಾರದು. ಸೌದೆ ಅಗ್ಗ. ನಮ್ಮ ಊರಿನ ಬೆಂಕಿ ಅನ್ನ ಬೇಯಿಸುತ್ತದೆ, ಮೈ ಕಾಯಿಸುವುದಿಲ್ಲ. ಮೈ ಕಾಯಿಸುವುದು ಷೇರು: ಬೆಲೆ ಏರಿದರೆ ಬಿಸಿ, ಇಳಿದರೆ ಚಳಿ.

ನಾನು ಸೂಲಗಿತ್ತಿ. ಹೆಸರು ಫಕೀರವ್ವ. ಈ ಊರಿನ ಅರ್ಧ ಮಂದಿಯ ಮೈಯನ್ನು ಅವರ ತಾಯಂದಿರಿಗಿಂತ ಮೊದಲು ಮುಟ್ಟಿದವಳು ನಾನು. ಹೀಗೆ ಮುಟ್ಟಿ ಮುಟ್ಟಿ ನನಗೆ ಷೇರುಗಳ ಗುಣ ತಿಳಿಯಿತು. ಸಾಬೂನು, ಎಣ್ಣೆ, ಉಪ್ಪಿನ ಕಂಪನಿಗಳ ಷೇರು ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ. ಉರಿಯುವುದಿಲ್ಲ, ಆರುವುದೂ ಇಲ್ಲ. ಸುಗ್ಗಿಯಿರಲಿ ಬರವಿರಲಿ ಜನ ಬಟ್ಟೆ ಒಗೆಯುತ್ತಾರಲ್ಲ. ಔಷಧದ ಷೇರು ಊರಿಗೆ ಜಡ್ಡು ಬಂದಾಗ ಇನ್ನಷ್ಟು ಬಿಸಿಯಾಗುತ್ತದೆ. ಬ್ಯಾಂಕಿನ ಷೇರು ಬೀಗರಿದ್ದ ಹಾಗೆ, ಎಲ್ಲರೂ ಬೆಚ್ಚಗಿದ್ದಾಗ ತಾನೂ ಬೆಚ್ಚಗಿರುತ್ತದೆ, ಎಲ್ಲರೂ ತಣ್ಣಗಾದಾಗ ಮೊದಲು ಎದ್ದು ಹೋಗುತ್ತದೆ. ಕಬ್ಬಿಣ, ಸಿಮೆಂಟು, ತಾಮ್ರ ಇವು ಹಸಿಮೆಣಸಿನಕಾಯಿ. ಮೈಯೆಲ್ಲ ಉರಿಸಿ, ಆಮೇಲೆ ಬರೀ ಕಣ್ಣೀರು ಬಿಟ್ಟು ಹೋಗುತ್ತವೆ.

ದೇಶಗಳೂ ಒಂದೊಂದು ಒಂದೊಂದು ಥರ. ಮೂಡಣ ದೇಶದ ಪೇಟೆ ನಮ್ಮಲ್ಲಿ ಕೋಳಿ ಕೂಗುವ ಮೊದಲೇ ತೆರೆದು, ನಾವು ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಮುಚ್ಚುತ್ತದೆ. ಅವರು ಹೊಸ ವರ್ಷಕ್ಕೆ ಒಂದು ವಾರ ಬಾಗಿಲು ಹಾಕಿದಾಗ ನಮ್ಮ ಊರಿನಲ್ಲಿ ಯಾರೂ ಬೆಳಿಗ್ಗೆ ಏಳುವುದಿಲ್ಲ. ಪಡುವಣ ದೇಶದ್ದು ನಮ್ಮ ದೀಪ ಹಚ್ಚುವ ಹೊತ್ತಿಗೆ ತೆರೆಯುತ್ತದೆ. ಅಲ್ಲಿನ ಷೇರು ದುಬಾರಿ, ಆದರೆ ನಂಬಿಕೆ. ತೆಂಕಣ ದೇಶದ್ದು ಅಗ್ಗ, ಬಿಸಿ ಜಾಸ್ತಿ. ಅಲ್ಲಿನ ಸರಕಾರ ಮನಸ್ಸು ಬಂದಾಗ ಪರದೇಶದವರು ಮಾರುವ ಕಿಟಕಿಯನ್ನು ಮುಚ್ಚಿಬಿಡುತ್ತದೆ. ಕೊಳ್ಳುವ ಕಿಟಕಿ ಮಾತ್ರ ಯಾವಾಗಲೂ ತೆರೆದಿರುತ್ತದೆ. ಭಾನುವಾರ ಎಲ್ಲ ಪೇಟೆಗಳೂ ರಜೆ. ಅಂದು ಶನಿವಾರದ ಉಳಿದ ಶಾಖವನ್ನು ಕೌದಿಯೊಳಗಿಟ್ಟುಕೊಂಡು ಊರೆಲ್ಲ ಮಲಗಿರುತ್ತದೆ. ಜಗಳಗಳು ಆ ದಿನ ನಡೆಯುವುದಿಲ್ಲ. ಸಾಲ ಕೇಳುವವರೂ ಬರುವುದಿಲ್ಲ.

ಕಸ್ತೂರವ್ವನ ಹೆರಿಗೆ ಮಾಡಿಸಿದ್ದು ನಾನೇ. ಮದುವೆಯಾಗಿ ಬಹಳ ವರ್ಷ ಬಸಿರು ನಿಂತಿರಲಿಲ್ಲ, ನಿಂತವು ಉಳಿದಿರಲಿಲ್ಲ. ಅವಳ ಗಂಡ ಬಾಳಪ್ಪ ದರ್ಜಿ. ಗಂಡ ಹೆಂಡತಿ ಇಬ್ಬರ ಮೈಗೂ ಇದ್ದದ್ದು ಅವನ ಬ್ಯಾಂಕಿನ ಷೇರುಗಳು. ಅಂತೂ ಒಂದು ಹೆಣ್ಣುಕೂಸು ಹುಟ್ಟಿ, ಅತ್ತು, ಮೊಲೆ ಹಿಡಿಯಿತು. ನೀಲವ್ವ ಅಂತ ಹೆಸರಿಡುವುದೆಂದು ಕಸ್ತೂರವ್ವ ಮೊದಲೇ ಗಟ್ಟಿ ಮಾಡಿಕೊಂಡಿದ್ದಳು.

ನಮ್ಮಲ್ಲಿ ಕೂಸು ತೊಟ್ಟಿಲಿಗೆ ಹಾಕುವ ತನಕ ತಾಯಿಯ ಶಾಖದಲ್ಲೇ ಬದುಕುತ್ತದೆ. ಬಹಳ ದಿನ ಹಾಗೆ ಬಿಡಲಾಗುವುದಿಲ್ಲ, ತಾಯಿ ಕರಗಿಹೋಗುತ್ತಾಳೆ. ತೊಟ್ಟಿಲು ಕಟ್ಟುವ ದಿನ ಸೋದರಮಾವ ಕೂಸಿನ ಹೆಸರಿಗೆ ನಾಲ್ಕು ಷೇರು ಬರೆಸಿ ತೊಟ್ಟಿಲ ನಾಲ್ಕು ಕಾಲಿಗೆ ಕಟ್ಟುತ್ತಾನೆ. ಅಂದಿನಿಂದ ಆ ಕೂಸಿಗೆ ಅದರದೇ ಶಾಖ. ಆಮೇಲೆ ತಾಯಿ ಎದೆಗೊತ್ತಿಕೊಂಡರೂ ಅವಳ ಬಿಸಿ ಕೂಸಿನ ಚರ್ಮದ ತನಕ ಹೋಗಬಹುದು, ಹೊಟ್ಟೆಯೊಳಗೆ ಇಳಿಯುವುದಿಲ್ಲ. ಜವಳ ತೆಗೆಯುವ ತನಕ ಆ ನಾಲ್ಕರಲ್ಲಿ ಒಂದನ್ನು ಬದಲಾಯಿಸಬೇಕಾದರೂ ಸೋದರಮಾವನ ಕೈಯೇ ಬೇಕು. ಹಳೆಯದನ್ನು ಮಾರಿಯೇ ಹೊಸದನ್ನು ಕಟ್ಟಬೇಕು. ತೊಟ್ಟಿಲಿಗೆ ನಾಲ್ಕೇ ಕಾಲು, ನಾಲ್ಕೇ ಷೇರು. ಹಾಗೆ ಬದಲಾಯಿಸಿದವರನ್ನು ನಾನು ನೋಡಿದ್ದು ಕಡಿಮೆ. ತವರಿನವರು ಕೊಟ್ಟದ್ದು ಸಾಲಲಿಲ್ಲ ಅಂತ ಊರೆದುರು ಒಪ್ಪಿಕೊಂಡ ಹಾಗೆ ಅದು.

ಕಸ್ತೂರವ್ವನ ಅಣ್ಣ ಭರಮಣ್ಣನಿಗೆ ಕಬ್ಬಿಣದ ಅಂಗಡಿ. ಮೊಳೆ, ಬಿಜಾಗರಿ, ತಂತಿ, ಸಿಮೆಂಟು ಮಾರುತ್ತಿದ್ದ. ಒಳ್ಳೆಯ ಮನುಷ್ಯ. ತಂಗಿಯ ಬಸಿರು ಇಳಿದಾಗಲೆಲ್ಲ ಅವಳ ಕಾಲ ಹತ್ತಿರ ಕೂತು ಅತ್ತವನು. ತೊಟ್ಟಿಲ ದಿನ ಹೊಸ ರುಮಾಲು ಸುತ್ತಿಕೊಂಡು ಬಂದು ನಾಲ್ಕು ಷೇರು ಕಟ್ಟಿದ: ಮೂಡಣ ದೇಶದ ಸಿಮೆಂಟು, ನಮ್ಮ ದೇಶದ ಕಬ್ಬಿಣ, ತೆಂಕಣ ದೇಶದ ತಾಮ್ರ, ಪಡುವಣ ದೇಶದ ಕ್ರೇನು ಕಂಪನಿ.

"ನಾಲ್ಕ ದಿಕ್ಕು, ನಾಲ್ಕ ದೇಶ," ಎಂದ. "ಒಂದ ದೇಶದಾಗ ಯುದ್ಧ ಆದ್ರೂ ಮೂರು ಉಳೀತಾವ. ನನ್ನ ಸೊಸಿ ದೊಡ್ಡಾಕಿ ಆದ ಮ್ಯಾಲೆ ಚಳಿ ಅಂದ್ರ ಏನ್ ಮಾವಾ ಅಂತ ಕೇಳಬೇಕು."

ಪಕ್ಕದ ಮನೆಯ ಮುದುಕಿಯೊಬ್ಬಳು, "ಕೂಸು ಇನ್ನಾ ಮಗ್ಗಲಾ ಹೊಳ್ಳಿಲ್ಲ, ಆಗಲೇ ಮನಿ ಕಟ್ಟಾಕ ಸಾಮಾನು ತಂದಿಯಲ್ಲೋ! ಇಟ್ಟಂಗಿ ಯಾವಾಗ ತರ್ತಿ?" ಎಂದಳು.

"ಇಟ್ಟಂಗಿ ಅವರಪ್ಪ ತರ್ಲಿ. ಎಲ್ಲಾ ನಾನ ತಂದ್ರ ಅಂವ ಏನ್ ಮಾಡ್ತಾನ?"

ಎಲ್ಲರೂ ನಕ್ಕರು. ಬಾಳಪ್ಪನೂ ನಕ್ಕ.

ಕೂಸು ಬೆಚ್ಚಗಾಯಿತು. ಬರೀ ಬೆಚ್ಚಗಲ್ಲ, ಕೆಂಪಾಯಿತು. ಆಗ ಮೂಡಣ ದೇಶದವರು ಎಲ್ಲಿ ನೋಡಿದರೂ ಕಟ್ಟಡ ಎಬ್ಬಿಸುತ್ತಿದ್ದರು. ಓಣಿಯ ಹೆಂಗಸರು ಕೆಲಸ ಮುಗಿಸಿ ಬಂದು ತಮ್ಮ ಕೈ ಬೆಚ್ಚಗೆ ಮಾಡಿಕೊಳ್ಳಲು ನೀಲವ್ವನ ಕೆನ್ನೆ ಮುಟ್ಟುತ್ತಿದ್ದರು. "ಕಸ್ತೂರಿ, ಕೂಸು ಹಡದಿಯೋ ಹಂಚಿನ ಮ್ಯಾಲಿನ ರೊಟ್ಟಿ ಹಡದಿಯೋ?" ಎಂದು ಕೇಳುತ್ತಿದ್ದರು. ಕಸ್ತೂರವ್ವ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕುತ್ತಿದ್ದಳು.

ನಾನು ಎಣ್ಣೆ ಹಚ್ಚಿ ಎರೆಯಲು ಹೋದಾಗಲೆಲ್ಲ ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ಬೇರೆ ಬೇರೆ ಷೇರು ಇದ್ದ ಮೈಯಲ್ಲಿ ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಅಂಗೈಗೆ ಅದು ಅತ್ತೆ ಸೊಸೆ ಕೂಡಿ ಮನೆ ನಡೆಸಿದ ಹಾಗೆ ತಿಳಿಯುತ್ತದೆ, ಒಬ್ಬಳು ಕೂತರೆ ಇನ್ನೊಬ್ಬಳು ಏಳುತ್ತಾಳೆ. ಈ ಕೂಸಿನಲ್ಲಿ ನಾಲ್ಕೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಕೂರುತ್ತಿದ್ದವು. ಆಗ ನನಗೆ ಹೊಳೆಯಿತು. ನಮ್ಮ ಕಬ್ಬಿಣ ಹೋಗುವುದು ಮೂಡಣ ದೇಶಕ್ಕೆ. ತೆಂಕಣದ ತಾಮ್ರವೂ ಅಲ್ಲಿಗೇ. ಪಡುವಣದ ಕ್ರೇನುಗಳು ನಿಂತಿರುವುದೂ ಅಲ್ಲೇ. ನಾಲ್ಕು ಅಂಗಡಿ ಇದ್ದರೂ ಗಿರಾಕಿ ಒಬ್ಬನೇ.

ಅಂದೇ ಭರಮಣ್ಣನ ಅಂಗಡಿಗೆ ಹೋಗಿ ಹೇಳಿದೆ. ಅವನು ಮೊಳೆ ತೂಗುತ್ತಿದ್ದ.

"ತಮ್ಮಾ, ನಾಲ್ಕ ಊರಿನ ಎತ್ತು ತಂದು ಒಂದ ನೊಗಕ್ಕ ಕಟ್ಟೀದಿ. ಒಂದು ಮುಗ್ಗರಿಸಿದ್ರ ನಾಲ್ಕೂ ಬೀಳ್ತಾವ. ಒಂದರ ಸಾಬೂನಿಂದು ಹಾಕು, ಇಲ್ಲಾ ಔಷಧದ್ದು ಹಾಕು."

"ಸಾಬೂನೇನ ಚಿಗವ್ವಾ! ಉಗುರುಬೆಚ್ಚಗಿನ ನೀರಿನಂಗ ಇರ್ತೇತಿ ಅದು. ಸೋದರಮಾವ ಸಾಬೂನು ಕೊಟ್ಟಾ ಅಂದ್ರ ಮಂದಿ ನಗೂದಿಲ್ಲೇನು?"

"ನಗಲಿ. ನಕ್ಕರ ಅವರ ಹಲ್ಲು ಕಾಣ್ತಾವ."

"ನೀ ಹೇಳೂದು ಸುಳ್ಳ ಅನ್ನೂದಿಲ್ಲ. ಆದ್ರ ನಾ ಕೈಯಾಗ ಹಿಡದು ತೂಗಿದ್ದನ್ನ ನಂಬಾಂವ. ಕಬ್ಬಿಣ ನನಗ ಗೊತ್ತು. ಔಷಧ ಅಂದ್ರ ಏನು, ಬಾಟ್ಲಿಯಾಗ ಏನ್ ಇರ್ತೇತಿ, ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕೂಸಿಗೆ ಹೆಂಗ ಕಟ್ಟಲಿ? ಜವಳ ಆಗ್ಲಿ. ಆಮ್ಯಾಲೆ ನೀ ಹೇಳಿದಂಗ ಮಾಡೂಣು."

ನನಗೆ ಕುಡಿಯಲು ಬೆಲ್ಲದ ಚಹಾ ತರಿಸಿದ. ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಅವನ ತಪ್ಪೂ ವಿಚಿತ್ರವಾದದ್ದೇನಲ್ಲ. ನೇಕಾರ ಬಟ್ಟೆ ಗಿರಣಿಯ ಷೇರು ಕೊಳ್ಳುತ್ತಾನೆ, ಗಾಣಿಗ ಎಣ್ಣೆಯದು ಕೊಳ್ಳುತ್ತಾನೆ. ಕೈ ಕೆಲಸವೂ ಅದೇ, ಮೈ ಶಾಖವೂ ಅದೇ. ಕೆಲಸ ಕೆಟ್ಟ ದಿನವೇ ಮೈಯೂ ತಣ್ಣಗಾಗುತ್ತದೆ.

ಮೂಡಣ ದೇಶದವರು ಕಟ್ಟುವುದನ್ನು ನಿಲ್ಲಿಸಿದ್ದು ಒಂದು ಗುರುವಾರ. ಕಟ್ಟಿದ ಮನೆಗಳಲ್ಲಿ ಇರಲು ಜನ ಇರಲಿಲ್ಲವಂತೆ. ಅಲ್ಲಿನ ದೊಡ್ಡ ಸಾಹುಕಾರನೊಬ್ಬ ದಿವಾಳಿ ಎದ್ದನಂತೆ. ನಮಗೆ ಸುದ್ದಿ ಆಮೇಲೆ ಬಂತು, ಚಳಿ ಮೊದಲು ಬಂತು. ಕೋಳಿ ಕೂಗುವ ಹೊತ್ತಿಗೆ ಓಣಿಯಲ್ಲಿ ಹಲ್ಲು ಕಟಕಟಿಸುವುದು ಕೇಳಿಸಿತು. ಮನೆ ಕಟ್ಟುವ ಗೌಂಡಿಯೊಬ್ಬ ಅಂಗಿ ಮೇಲೆ ಹೆಂಡತಿಯ ಸೀರೆ ಸುತ್ತಿಕೊಂಡು ಓಡುತ್ತಿದ್ದ, ಯಾರೂ ನಗಲಿಲ್ಲ. ನನಗೇನೂ ಆಗಿರಲಿಲ್ಲ. ನನ್ನದು ಸಾಬೂನು, ಉಪ್ಪು, ಒಂದಿಷ್ಟು ಔಷಧ. ನೇರವಾಗಿ ಕಸ್ತೂರವ್ವನ ಮನೆಗೆ ನಡೆದೆ.

ಕೂಸು ಅಳುತ್ತಿರಲಿಲ್ಲ. ಅಳುವ ಕೂಸಿನ ಬಗ್ಗೆ ನನಗೆ ಹೆದರಿಕೆಯಿಲ್ಲ. ಅಂಗೈ ಇಟ್ಟರೆ ಹೊಟ್ಟೆ ಮಣ್ಣಿನ ಗಡಿಗೆಯ ಹಾಗೆ ತಣ್ಣಗಿತ್ತು. ಬಾಳಪ್ಪನ ಬ್ಯಾಂಕುಗಳೂ ಇಳಿದಿದ್ದವು. ಅವನು ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದ, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಬಾಣಂತಿಯೆಂದು ಒಂದೂವರೆ ಪಟ್ಟು ಷೇರು ಇದ್ದ ಕಸ್ತೂರವ್ವನ ಮೈಯಲ್ಲಿ ಇನ್ನೂ ಬಿಸಿಯಿತ್ತು, ಅವಳು ಕೂಸನ್ನು ರವಿಕೆಯೊಳಗೆ ಹಾಕಿಕೊಂಡಿದ್ದಳು.

"ಚಿಗವ್ವಾ, ನನ್ನ ಬಿಸಿ ಒಳಗ ಹೋಗವಲ್ದು," ಎಂದಳು. "ಮ್ಯಾಲೇ ನಿಲ್ಲಾಕತ್ತೇತಿ."

ನಾನೂ ಎದೆಗೆ ತಗೊಂಡೆ. ಬೆನ್ನು, ಅಂಗಾಲು ತಿಕ್ಕಿದೆ. ಚರ್ಮ ಬೆಚ್ಚಗಾಯಿತು, ಅಷ್ಟೇ. ಭರಮಣ್ಣನಿಗೆ ಹೇಳಿಕಳಿಸಿದೆವು. ಅವನು ಬಂದಾಗ ಅವನ ತುಟಿಯೂ ನೀಲಿಯಾಗಿತ್ತು. ನನ್ನ ಸೆರಗಿನ ಗಂಟು ಬಿಚ್ಚಿ ಒಂದು ಸಾಬೂನು ಷೇರಿನ ಚೀಟಿ ಅವನ ಕೈಗಿಟ್ಟೆ.

"ಇದು ನಂದು. ರೊಕ್ಕ ಬ್ಯಾಡ. ಹೋಗಿ ನಾಲ್ಕರಾಗ ಒಂದು ಮಾರು, ಬಂದಷ್ಟ ಬರ್ಲಿ. ಆ ಜಾಗಾದಾಗ ಇದನ್ನ ಕೂಸಿನ ಹೆಸರಿಗೆ ಬರಸು."

"ಚಳಿಯಾಗ ಮಾರಾಂವ ಹುಚ್ಚ ಅಂತಾರ, ಚಿಗವ್ವಾ. ನಮ್ಮಪ್ಪನೂ ಹೇಳ್ತಿದ್ದಾ. ಇಳಿದದ್ದು ಏರೇ ಏರ್ತೇತಿ."

"ಖರೆ ಐತಿ. ಆದ್ರ ಆ ಮಾತು ನಿನ್ನಂಥಾ ದೊಡ್ಡ ಮೈಗೆ. ನೀ ಆರ ತಿಂಗಳಾದ್ರೂ ಕಾಯ್ತಿ. ಕೂಸು ಎಷ್ಟೊತ್ತ ಕಾಯ್ತೇತಿ?"

ಕಸ್ತೂರವ್ವ ಅಣ್ಣನ ಕೈ ಹಿಡಿದು ಕೂಸಿನ ಹೊಟ್ಟೆಯ ಮೇಲೆ ಇಟ್ಟಳು. ಅವನು ಚೀಟಿ ತಗೊಂಡು ಓಡಿದ.

ಮಧ್ಯಾಹ್ನ ಕಳೆದು ತಿರುಗಿ ಬಂದ. ಬಾಗಿಲಲ್ಲೇ, "ಏರಾಕತ್ತೇತಿ!" ಎಂದು ಕೂಗಿದ. "ಕಬ್ಬಿಣ ಏರಾಕತ್ತೇತಿ, ನಾ ಕಣ್ಣಾರೆ ನೋಡೀನಿ. ಸಾಲಿನಾಗ ನಿಂತಿದ್ದೆ, ನನ್ನ ಮುಂದ ಒಬ್ಬಾಂವ ಇದ್ದಾ. ಹಲಗಿ ಮ್ಯಾಲೆ ಹಳೇದು ಅಳಿಸಿ ಹೊಸಾದು ಬರದ್ರು. ಎರಡ ರೂಪಾಯಿ ಹೆಚ್ಚಿಗಿ! ಮಾರೂದ್ಯಾಕ ಅಂತ ಹೊಳ್ಳಿ ಬಂದೆ. ನೋಡು, ಮುಟ್ಟಿ ನೋಡು ಬೇಕಾದ್ರ."

ನಾನು ಮುಟ್ಟಿ ನೋಡಿದೆ. ಹೌದು, ಹೊಟ್ಟೆಯಲ್ಲಿ ಒಂದು ಎಳೆ ಬಿಸಿ ಬಂದಿತ್ತು. ಕೂಸು ಬಾಯಿ ತೆರೆದು ಎರಡು ಗುಟುಕು ಹಾಲು ಕುಡಿಯಿತು. ಕಸ್ತೂರವ್ವ ಅಣ್ಣನ ಮುಖ ನೋಡಿ ನಕ್ಕಳು. ಆ ನಗುವಿನ ಎದುರು ನನ್ನ ಮಾತು ಯಾರ ಕಿವಿಗೆ ಬೀಳಬೇಕು? ಆದರೂ ಹೇಳಿದೆ, "ಈಗ ಏರೇತಿ, ಈಗಲೇ ಮಾರು. ಇನ್ನಾ ಹೊತ್ತೈತಿ."

"ನಾಳೆ ಇನ್ನಷ್ಟು ಏರ್ತೇತಿ," ಎಂದ ಭರಮಣ್ಣ. "ಕೂಸಿನ ಗಂಟು ಯಾಕ ಕಡಿಮಿ ಮಾಡೂದು?"

ಚೀಟಿಯನ್ನು ನನಗೆ ಮರಳಿ ಕೊಡಲು ಬಂದ. ನಾನು ತಗೊಳ್ಳಲಿಲ್ಲ. ನಿನ್ನ ಹತ್ತಿರವೇ ಇರಲಿ ಎಂದೆ.

ಶುಕ್ರವಾರ ಮೂಡಣ ದೇಶದ ಪೇಟೆ ತೆರೆದಾಗ ಅಲ್ಲಿ ಇನ್ನೂ ಇಬ್ಬರು ಸಾಹುಕಾರರು ದಿವಾಳಿ ಎದ್ದಿದ್ದರು. ಗುರುವಾರದ ಚಳಿ ಬರೀ ಮುನ್ಸೂಚನೆಯಾಗಿತ್ತು. ಬಾವಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಹಿಡಿದುಕೊಂಡೇ ಬಿದ್ದರು. ಭರಮಣ್ಣನ ಕಾಲು ಮರಗಟ್ಟಿ, ಅಂಗಡಿಯ ಕೋಲು ಊರಿಕೊಂಡು ಅವನು ಪೇಟೆ ಮುಟ್ಟುವಷ್ಟರಲ್ಲಿ ಬಿಸಿಲು ಬಲಿತಿತ್ತು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ದಲಾಲ ಪಾಯಪ್ಪ. ಆ ದಿನವಿಡೀ ಅವನು ಅಲ್ಲೇ ಇದ್ದ.

ನಮ್ಮ ಪೇಟೆಯೆಂದರೆ ಒಂದು ಉದ್ದನೆಯ ಪಡಸಾಲೆ, ನಾಲ್ಕು ದೇಶಕ್ಕೆ ನಾಲ್ಕು ಕಿಟಕಿ. ಭರಮಣ್ಣ ಮೊದಲು ಮೂಡಣದ ಕಿಟಕಿಗೆ ಹೋದ. ಅದು ಆಗಲೇ ಮುಚ್ಚಿತ್ತು, ಅಲ್ಲಿನ ದಿನ ಮುಗಿದಿತ್ತು. ಅಲ್ಲಿಂದ ನಮ್ಮ ದೇಶದ ಕಿಟಕಿಗೆ. ಅವನು ಸಾಲಿನಲ್ಲಿದ್ದಾಗಲೇ ಗಂಟೆ ಬಾರಿಸಿದರು. ಒಂದೇ ದಿನ ಇಷ್ಟು ಬಿದ್ದರೆ ವ್ಯವಹಾರ ನಿಲ್ಲಿಸಬೇಕು ಅಂತ ನಮ್ಮಲ್ಲಿ ಕಾನೂನಿದೆ, ಹೆದರಿದವರು ಹಾಳಾಗಬಾರದು ಅಂತ ಮಾಡಿದ್ದು. ಭರಮಣ್ಣ ಕಿಟಕಿಯ ಸರಳು ಹಿಡಿದು, "ಸಾಹೇಬರ, ನಂದೊಂದ, ಒಂದ ಷೇರು. ಪುಕ್ಕಟೆ ತಗೋರಿ," ಎಂದನಂತೆ. "ಇದು ನಿಮ್ಮ ಒಳ್ಳೇದಕ್ಕ ಮಾಡಿದ ಕಾನೂನು ಯಜಮಾನ್ರ, ನಾಳೆ ಬರ್ರಿ," ಎಂದು ಒಳಗಿನವನು ಹೇಳಿದನಂತೆ. ಅವನೂ ಮೂರು ಕೌದಿ ಹೊದ್ದು ಕೂತಿದ್ದ. ತೆಂಕಣದ ಕಿಟಕಿಯಲ್ಲಿ ಕೊಳ್ಳುವ ಬಾಗಿಲು ತೆರೆದಿತ್ತು, ಮಾರುವುದಕ್ಕೆ ಬೀಗ. ಅಲ್ಲಿನ ಸರಕಾರದ ಹೊಸ ಅಪ್ಪಣೆ ಬೆಳಿಗ್ಗೆಯೇ ಬಂದಿತ್ತು. ಪಡುವಣದ ಕಿಟಕಿಯೊಂದು ಉಳಿಯಿತು. ಅದು ತೆರೆಯುವುದು ದೀಪ ಹಚ್ಚುವ ಹೊತ್ತಿಗೆ.

"ಅಲ್ಲೇ ಕುಂತಾ ನೋಡವಾ," ಎಂದ ಪಾಯಪ್ಪ. "ಕಿಟಕಿ ಕೆಳಗ, ಗ್ವಾಡಿಗೆ ತಲಿ ಹಚ್ಚಿ. ನಾ ನನ್ನ ರೊಟ್ಟಿ ಕೊಟ್ಟೆ, ತಿನ್ನಲಿಲ್ಲ. ಆ ದೇಶದಾಗ ಈಗ ಸೂರ್ಯಾ ಎಲ್ಲಿದ್ದಾನ ಪಾಯಪ್ಪಾ ಅಂತ ಮತ್ತ ಮತ್ತ ಕೇಳ್ತಿದ್ದಾ."

ಇತ್ತ ಮನೆಯಲ್ಲಿ ನಾನು, ಕಸ್ತೂರವ್ವ, ಪಕ್ಕದ ಮನೆಯ ಆ ಮುದುಕಿ, ಮೂವರೂ ಕೂಸನ್ನು ಎದೆಯಿಂದ ಎದೆಗೆ ಬದಲಾಯಿಸುತ್ತಿದ್ದೆವು. ಮುದುಕಿಯದು ಉಪ್ಪಿನ ಷೇರು, ಗಟ್ಟಿ ಶಾಖ. ಇಟ್ಟಂಗಿಯ ಮಾತು ಆಡಿದವಳು ಈಗ ಕೂಸಿನ ಬೆರಳುಗಳನ್ನು ಬಾಯಲ್ಲಿಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದಳು. ಮೂರು ಹೆಂಗಸರ ಬಿಸಿಯಲ್ಲಿ ಕೂಸಿನ ಚರ್ಮ ಕೆಂಪಗೇ ಇತ್ತು. ನೋಡಿದವರು ನಿದ್ದೆ ಮಾಡುತ್ತಿದೆ ಅನ್ನಬೇಕು. ಒಳಗೆ ಏನೂ ಇರಲಿಲ್ಲ. ಬಾಳಪ್ಪ ಮೂಲೆಯಿಂದ ತೆವಳಿಕೊಂಡು ಬಂದು ಮಗಳ ಕಾಲಿಗೆ ತಾನು ಹೊಲಿದ ಕುಂಚಿಗೆ ಸುತ್ತಿದ. ಮರಗಟ್ಟಿದ ಬೆರಳಿಗೆ ಗಂಟು ಬೀಳಲಿಲ್ಲ, ನಾನು ಹಾಕಿಕೊಟ್ಟೆ.

"ಅಣ್ಣಾ ಬಂದನೇನ ನೋಡು ಚಿಗವ್ವಾ," ಎಂದು ಕಸ್ತೂರವ್ವ ಅನ್ನುತ್ತಿದ್ದಳು. ನಾನು ಬಾಗಿಲ ತನಕ ಹೋಗಿ ಬರುತ್ತಿದ್ದೆ.

ಮುದುಕಿ ದೇವರ ಮುಂದೆ ದೀಪ ಹಚ್ಚಲು ಎದ್ದಾಗ ಕೂಸು ನನ್ನ ಎದೆಯ ಮೇಲಿತ್ತು. ಉಸಿರು ಹೋದದ್ದು ನನಗೆ ತಿಳಿಯಿತು. ಬಂದದ್ದನ್ನು ಬಲ್ಲವಳಿಗೆ ಹೋದದ್ದೂ ತಿಳಿಯುತ್ತದೆ. ಕಸ್ತೂರವ್ವ ನನ್ನ ಮುಖ ನೋಡಿದಳು. ಕೂಸನ್ನು ತಗೊಂಡು ರವಿಕೆಯೊಳಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಭರಮಣ್ಣ ಕ್ರೇನು ಕಂಪನಿಯ ಷೇರನ್ನು ಕೊಂಡ ಬೆಲೆಯ ಕಾಲುಭಾಗಕ್ಕೆ ಮಾರಿ, ಆ ಜಾಗದಲ್ಲಿ ನನ್ನ ಸಾಬೂನನ್ನು ನೀಲವ್ವನ ಹೆಸರಿಗೆ ಬರೆಸಿಕೊಂಡು ಬಂದ. ಪಾಯಪ್ಪ ಅವನ ರಟ್ಟೆ ಹಿಡಿದುಕೊಂಡಿದ್ದ. ಬಂದವನು ಯಾರನ್ನೂ ನೋಡದೆ ತೊಟ್ಟಿಲ ಹತ್ತಿರ ಕೂತು ಚೀಟಿಯನ್ನು ಕಾಲಿಗೆ ಕಟ್ಟಿದ. "ಆತು, ಕಟ್ಟೀನಿ," ಎಂದ. "ಈಗ ಬೆಚ್ಚಗಾಗ್ತೇತಿ." ಅವನು ಮತ್ತೊಮ್ಮೆ, "ಕಸ್ತೂರಿ, ಕಟ್ಟೀನವಾ," ಎಂದ. ಆಮೇಲೆ ತೊಟ್ಟಿಲು ಖಾಲಿಯಿರುವುದನ್ನು ನೋಡಿದ.

ಸತ್ತ ಕೂಸಿನ ಷೇರು ತಾಯಿಗೆ ಸೇರುತ್ತದೆ. ಕಸ್ತೂರವ್ವ ಬೇಡವೆಂದಳು. ಒಲೆಗೆ ಹಾಕಿ ಎಂದಳು. ನಾನು ಬೈದೆ. "ಬಾಳಪ್ಪನ ಬ್ಯಾಂಕು ನೆಚ್ಚಿ ಕುಂತ್ರ ನೀನೂ ಹೊಂಟ ಹೋಗ್ತಿ. ಚಳಿಗೆ ಸಿಟ್ಟು ತಿಳಿಯೂದಿಲ್ಲ. ತಗೋ." ತಗೊಂಡಳು. ಆ ಚಳಿಗಾಲದಲ್ಲಿ ಅವಳನ್ನು ಉಳಿಸಿದ್ದು ಆ ನಾಲ್ಕರಲ್ಲಿ ಸಾಬೂನಿನದೊಂದೇ. ನಾನು ಒಂದು ಷೇರು ಕಡಿಮೆಯಲ್ಲಿ ಕಳೆದೆ. ನನ್ನ ಎಡಗಾಲಿನ ಕಿರುಬೆರಳು ಕಪ್ಪಾಗಿ ಉದುರಿತು. ಅದು ದೊಡ್ಡ ಮಾತಲ್ಲ.

ಬೇಸಿಗೆ ಹತ್ತಿರ ಬಂದಾಗ ಮೂಡಣ ದೇಶದವರು ಮತ್ತೆ ಕಟ್ಟಲು ಹಿಡಿದರು. ಸೇತುವೆಯಂತೆ, ಬಂದರಂತೆ. ಒಂದೊಂದಾಗಿ ಎಲ್ಲವೂ ಏರಿದವು. ಒಂದು ದಿನ ಭರಮಣ್ಣ ತಂಗಿಯ ಮನೆಗೆ ಬಂದ. ಅಂಗಡಿ ಮುಚ್ಚಿದ್ದ, ಗಡ್ಡ ಬೆಳೆದಿತ್ತು. ಹೊರಗೆ ಕಟ್ಟೆಯ ಮೇಲೆ ಕೂತ. ಒಳಗೆ ಕರೆದರೂ ಬರಲಿಲ್ಲ. ಕಸ್ತೂರವ್ವ ನೀರು ತಂದು ಅವನ ಮುಂದಿಟ್ಟಳು.

"ಅಣ್ಣಾ, ನೀ ಹೇಳಿದ್ದು ಖರೆ ಆತು," ಎಂದಳು. "ಏರಿತು."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದರೆ ಅವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತೇನೋ. ನೀರು ಕುಡಿದು ಎದ್ದು ಹೋದ. ಮತ್ತೆ ಆ ಓಣಿಗೆ ಬರಲಿಲ್ಲ.

ಈಗಲೂ ಕಸ್ತೂರವ್ವನ ಮೈ ಕಾಯಿಸುವುದು ಆ ಷೇರುಗಳೇ. ಕಬ್ಬಿಣ ಚೆನ್ನಾಗಿ ಏರಿದ ದಿನ ಅವಳ ಕೆನ್ನೆ ಕೆಂಪಾಗುತ್ತದೆ. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಲಿಗೆ ಹೋಗಿ ಗಾಳಿಗೆ ನಿಲ್ಲುತ್ತಾಳೆ. ನಾನು ಕಂಡರೂ ಕರೆಯುವುದಿಲ್ಲ.

ಸಿಮೆಂಟು, ಕಬ್ಬಿಣ, ತಾಮ್ರ, ಮೂರೂ ಇವತ್ತು ಭರಮಣ್ಣ ಕೊಂಡ ಬೆಲೆಗಿಂತ ಒಂದೂವರೆ ಪಟ್ಟು ಮೇಲಿವೆ. ಕಾಲುಭಾಗಕ್ಕೆ ಮಾರಿದ ಕ್ರೇನು ಕಂಪನಿಯದು ಎರಡು ಪಟ್ಟಾಗಿದೆ. ಸಾಬೂನು ಇದ್ದಲ್ಲೇ ಇದೆ. ನೀಲವ್ವ ಹೋದಳು. ಕಸ್ತೂರವ್ವನಿಗೆ ಆಮೇಲೆ ಮಕ್ಕಳಾಗಲಿಲ್ಲ.